ಆಪರೇಷನ್ ನಂತರ ಮಿದುಳಿಗೆ ಗಾಳಿಗುಳ್ಳೆ ಸೇರಿದರೆ: ಹೈಪರ್‌ಬೇರಿಕ್ ಆಕ್ಸಿಜನ್ ಚಿಕಿತ್ಸೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಸೀಮೆಯ ರೋಗಿಗಳ ಮನೆಯವರಿಗೂ, ಇಲ್ಲಿನ ನರ್ಸಿಂಗ್ ಹೋಂಗಳ ಸಿಬ್ಬಂದಿಗೂ ಉಪಯೋಗಕ್ಕೆ ಬರಲಿ ಎಂದು ಬರೆದದ್ದು. ಹೈಪರ್‌ಬೇರಿಕ್ ಚಿಕಿತ್ಸೆ ಎಂದರೆ ರೋಗಿಯನ್ನು ಚೇಂಬರ್ ಎಂಬ ಮುಚ್ಚಿದ ಕೋಣೆಯೊಳಗಿಟ್ಟು, ಒತ್ತಡ ಏರಿಸಿ ಶುದ್ಧ ಆಕ್ಸಿಜನ್ ಉಸಿರಾಡಿಸುವುದು. ನಿಮ್ಮವರು ಈ ಕ್ಷಣ ಐಸಿಯುನಲ್ಲಿದ್ದರೆ ‘ಮೊದಲ ಹತ್ತು ನಿಮಿಷ’ ಮತ್ತು ‘ಫೋನಿನಲ್ಲಿ ಏನು ಕೇಳಬೇಕು’ ಎಂಬ ಎರಡು ಪ್ರಶ್ನೆಗಳನ್ನು ಮೊದಲು ಓದಿ. ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಆಪರೇಷನ್ ಮಾಡಿದ್ದು ಬೇರೆಲ್ಲೋ. ಮಿದುಳಿಗೆ ಗಾಳಿ ಹೋಗಿದ್ದು ಹೇಗೆ?

ದಾರಿ ಎರಡು. ಒಂದು, ಗಾಳಿ ನೇರವಾಗಿ ಅಪಧಮನಿಗೆ, ಅಂದರೆ ಹೃದಯದಿಂದ ಅಂಗಾಂಗಗಳಿಗೆ ರಕ್ತ ಒಯ್ಯುವ ನಾಳಕ್ಕೆ ಸೇರುವುದು. ಹೃದಯದ ಕೋಣೆ ತೆರೆದು ಮಾಡುವ ಆಪರೇಷನ್, ಆಂಜಿಯೋಗ್ರಾಂ, ಶ್ವಾಸಕೋಶಕ್ಕೆ ಸೂಜಿ ಚುಚ್ಚಿ ತೆಗೆಯುವ ಬಯಾಪ್ಸಿ ಇವುಗಳಲ್ಲಿ ಹೀಗಾಗಬಹುದು. ಇನ್ನೊಂದು, ಗಾಳಿ ಮೊದಲು ಅಭಿಧಮನಿಗೆ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಕ್ಕೆ ನುಗ್ಗಿ ಹೃದಯದ ಬಲಭಾಗಕ್ಕೆ ಬರುವುದು. ಅಲ್ಲಿಂದ ಅದು ಶ್ವಾಸಕೋಶಕ್ಕೆ ಹೋಗಿ ಸೋಸಿಹೋಗಬೇಕು. ಆದರೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೃದಯದ ಎರಡು ಮೇಲ್ಕೋಣೆಗಳ ನಡುವೆ, ಹುಟ್ಟಿದ ಮೇಲೆ ಮುಚ್ಚಬೇಕಿದ್ದ ಸಣ್ಣ ಬಾಗಿಲೊಂದು ಪೂರ್ತಿ ಮುಚ್ಚಿರುವುದಿಲ್ಲ. ಬಲಗಡೆಯ ಒತ್ತಡ ಏರಿದಾಗ ಗುಳ್ಳೆಗಳು ಆ ಬಾಗಿಲಿನಿಂದ ಎಡಕ್ಕೆ ದಾಟಿ ಸೀದಾ ಮಿದುಳಿಗೆ ಹೋಗುತ್ತವೆ. ಗಾಳಿಯ ಪ್ರಮಾಣ ತೀರಾ ಹೆಚ್ಚಾದರೆ ಶ್ವಾಸಕೋಶದ ಸೋಸುವಿಕೆಯೇ ಸೋತು, ಬಾಗಿಲು ಮುಚ್ಚಿದ್ದವರಲ್ಲೂ ಗುಳ್ಳೆ ಆಚೆ ದಾಟಬಹುದು.

ಮಿದುಳಿನ ಸಣ್ಣ ನಾಳದಲ್ಲಿ ಗುಳ್ಳೆ ಸಿಕ್ಕಿಕೊಂಡರೆ ತೋಟದ ಪೈಪಿನಲ್ಲಿ ಏರ್ ಹಿಡಿದ ಹಾಗೆಯೇ: ಹಿಂದಿನಿಂದ ಒತ್ತಡವಿದ್ದರೂ ಮುಂದಕ್ಕೆ ಹರಿವಿಲ್ಲ. ಪೈಪಿಗೂ ನಾಳಕ್ಕೂ ಒಂದು ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಗುಳ್ಳೆ ಉಜ್ಜಿಕೊಂಡು ಹೋದ ಕಡೆ ರಕ್ತನಾಳದ ಒಳಪದರಕ್ಕೆ ಗಾಯವಾಗುತ್ತದೆ. ಅಲ್ಲಿಗೆ ಬಿಳಿ ರಕ್ತಕಣಗಳು ಬಂದು ಅಂಟುತ್ತವೆ, ಸುತ್ತಲೂ ಊತ ಬರುತ್ತದೆ. ಹಾಗಾಗಿ ಗುಳ್ಳೆ ಮುಂದೆ ಸರಿದು ರೋಗಿ ಚೇತರಿಸಿಕೊಂಡಂತೆ ಕಂಡರೂ ಕೆಲವು ಗಂಟೆಗಳ ನಂತರ ಮತ್ತೆ ಹದಗೆಡುವುದುಂಟು. ‘ಈಗ ಕಣ್ಣು ಬಿಟ್ಟರಲ್ಲ, ಇನ್ನು ಚೇಂಬರ್ ಯಾಕೆ’ ಎಂದು ಕೈಬಿಡಬಾರದು ಅನ್ನುವುದು ಇದಕ್ಕೇ.

ಯಾವ್ಯಾವ ಆಪರೇಷನ್‌ಗಳಲ್ಲಿ ಇದು ಆಗಬಹುದು?

ಓಪನ್ ಹಾರ್ಟ್ ಸರ್ಜರಿ, ರೋಗಿಯನ್ನು ಕೂರಿಸಿ ಮಾಡುವ ಮಿದುಳು ಮತ್ತು ಕುತ್ತಿಗೆಯ ಆಪರೇಷನ್, ಲಿವರ್ ಸರ್ಜರಿ, ಸಿಸೇರಿಯನ್, ಹಿಸ್ಟರೋಸ್ಕೋಪಿ (ಗರ್ಭಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವುದು), ಸೊಂಟದ ಕೀಲು ಬದಲಾವಣೆ, ಪಿತ್ತನಾಳದ ಎಂಡೋಸ್ಕೋಪಿ, ಡಯಾಲಿಸಿಸ್. ಆದರೆ ಹೆಸರು ಕೇಳಿದರೆ ಹೆದರಿಕೆ ಹುಟ್ಟಿಸುವ ದೊಡ್ಡ ಆಪರೇಷನ್‌ಗಳಿಗಿಂತ, ಯಾರೂ ಲೆಕ್ಕಕ್ಕೇ ಹಿಡಿಯದ ಒಂದು ಸಣ್ಣ ಕೆಲಸದ ಮೇಲೆ ಹೆಚ್ಚು ಕಣ್ಣಿಡಬೇಕು: ಕುತ್ತಿಗೆಗೆ ಹಾಕಿದ ಸೆಂಟ್ರಲ್ ಲೈನನ್ನು, ಅಂದರೆ ದೊಡ್ಡ ಅಭಿಧಮನಿಗೆ ಇಳಿಸಿದ ಉದ್ದನೆಯ ಟ್ಯೂಬನ್ನು ವಾರ್ಡಿನಲ್ಲಿ ತೆಗೆಯುವುದು. ಅದರ ಕ್ರಮ ಕೆಳಗಿದೆ.

ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆಗೆ ತುಂಬುವುದು ಕಾರ್ಬನ್ ಡೈಆಕ್ಸೈಡ್. ಅದು ರಕ್ತದಲ್ಲಿ ಬೇಗ ಕರಗುವುದರಿಂದ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದಲ್ಲ. ಆಳವಾದ ಗಾಯಕ್ಕೆ ಒತ್ತಡ ಹಾಕಿ ಹೈಡ್ರೋಜನ್ ಪೆರಾಕ್ಸೈಡ್ ತುಂಬಿದರೂ ಆಕ್ಸಿಜನ್ ಗುಳ್ಳೆಗಳು ರಕ್ತಕ್ಕೆ ಸೇರಬಹುದು.

ಡ್ರಿಪ್ ಟ್ಯೂಬಿನಲ್ಲಿ ಸಣ್ಣ ಗುಳ್ಳೆ ಕಾಣಿಸಿತು. ಅದರಿಂದ ಹೀಗಾಗುತ್ತಾ?

ಕೈಯ ಡ್ರಿಪ್‌ನಲ್ಲಿ ಕಾಣುವ ಒಂದೆರಡು ಸಣ್ಣ ಗುಳ್ಳೆಗಳನ್ನು ಶ್ವಾಸಕೋಶ ಸೋಸಿಬಿಡುತ್ತದೆ. ನರ್ಸಿಗೆ ಹೇಳಿ ತೆಗೆಸಿ, ಗಾಬರಿ ಬೇಡ. ಹೃದಯದಲ್ಲಿ ರಂಧ್ರವಿದೆ ಎಂದು ಮೊದಲೇ ಗೊತ್ತಿರುವವರ ವಿಷಯ ಬೇರೆ. ಅವರ ಟ್ಯೂಬಿನಲ್ಲಿ ಒಂದು ಗುಳ್ಳೆಯೂ ಇರಬಾರದು.

ಹೋಲಿಕೆಗೆ ಲೆಕ್ಕ ನೋಡಿ. ಅಭಿಧಮನಿಯ ಮೂಲಕ ದೊಡ್ಡವರ ಜೀವಕ್ಕೆ ಕುತ್ತು ತರುವ ಗಾಳಿಯ ಪ್ರಮಾಣ ಸುಮಾರು 200ರಿಂದ 300 ಮಿ.ಲೀ. ಮಿದುಳಿನ ಅಪಧಮನಿಗೆ ನೇರ ಹೋದರೆ ಒಂದೆರಡು ಮಿ.ಲೀ. ಕೂಡ ಹೆಚ್ಚೇ. ತೆರೆದುಕೊಂಡ ಸೆಂಟ್ರಲ್ ಲೈನ್‌ಗೆ ಹೆದರುವುದು ಯಾಕೆಂದರೆ, 14 ಗೇಜ್ ಅಗಲದ ಸೂಜಿಯಲ್ಲಿ ಬರೀ 5 ಸೆಂ.ಮೀ. ನೀರಿನಷ್ಟು ಒತ್ತಡದ ವ್ಯತ್ಯಾಸವಿದ್ದರೂ ಸೆಕೆಂಡಿಗೆ ಸುಮಾರು 100 ಮಿ.ಲೀ. ಗಾಳಿ ಒಳನುಗ್ಗಬಲ್ಲದು. ಒಂದು ದೀರ್ಘ ಉಸಿರೆಳೆದುಕೊಂಡರೆ ಸಾಕು.

ಇದಕ್ಕೂ ಲಕ್ವಕ್ಕೂ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಲಕ್ಷಣ ನೋಡಿದರೆ ಎರಡೂ ಒಂದೇ: ಕೈಕಾಲು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಕಣ್ಣು ಕತ್ತಲಾಗುವುದು, ಫಿಟ್ಸ್, ಗೊಂದಲ, ಅರಿವಳಿಕೆ ಇಳಿದರೂ ಎಚ್ಚರವಾಗದಿರುವುದು. ಸುಳಿವು ಸಿಗುವುದು ಗಡಿಯಾರದಲ್ಲಿ. ಗಾಳಿಗುಳ್ಳೆಯಾದರೆ ಲಕ್ಷಣ ಚಿಕಿತ್ಸೆ ನಡೆಯುತ್ತಿರುವಾಗಲೇ ಅಥವಾ ಮುಗಿದ ಕೆಲವೇ ನಿಮಿಷಗಳಲ್ಲಿ ದಿಢೀರನೆ ಬರುತ್ತದೆ. ಲೈನ್ ತೆಗೆದರು, ರೋಗಿ ಎದ್ದು ಕೂತರು, ಕೆಮ್ಮಿದರು, ಕುಸಿದರು ಎಂಬ ಸರಣಿ ಇದ್ದರೆ ಬೇರೆಯದು ಸಾಬೀತಾಗುವ ತನಕ ಅದು ಏರ್ ಎಂಬಾಲಿಸಂ, ಅಂದರೆ ಗಾಳಿಗುಳ್ಳೆ ರಕ್ತನಾಳಕ್ಕೆ ಸೇರಿ ತಡೆ ಒಡ್ಡಿದ್ದು. ಅರಿವಳಿಕೆಯಲ್ಲಿರುವ ರೋಗಿಯಲ್ಲಾದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮಟ್ಟ ಮಾನಿಟರಿನಲ್ಲಿ ಒಮ್ಮೆಗೇ ಇಳಿಯುವುದು, ಬಿಪಿ ಬೀಳುವುದು ಮೊದಲ ಸೂಚನೆ.

ಸಿ.ಟಿ. ಸ್ಕ್ಯಾನ್‌ನಲ್ಲಿ ಗಾಳಿ ಕಾಣಲಿಲ್ಲ. ಹಾಗಾದರೆ ಅದಲ್ಲ ಅಲ್ಲವೇ?

ಹಾಗೆ ಹೇಳುವಂತಿಲ್ಲ. ಸಣ್ಣ ಗುಳ್ಳೆಗಳು ಸ್ಕ್ಯಾನ್ ಹೊತ್ತಿಗೆ ಕರಗಿಯೋ ಚದುರಿಯೋ ಹೋಗಿರುತ್ತವೆ, ಹಾನಿ ಮಾತ್ರ ಉಳಿದಿರುತ್ತದೆ. ಸಿ.ಟಿ. ಮಾಡಿಸುವುದು ಮುಖ್ಯವಾಗಿ ಮಿದುಳಿನಲ್ಲಿ ರಕ್ತಸ್ರಾವ ಆಗಿಲ್ಲ ಎಂದು ಖಚಿತಪಡಿಸಿಕೊಳ್ಳಲು. ಪಕ್ಕದಲ್ಲೇ ಮಷೀನ್ ಇದ್ದರೆ ಮಾಡಿಸಿ. ಎಂಆರ್‌ಐಗೆ ನಾಳೆ ಬೆಳಗಿನ ತನಕ ಕಾಯುವುದು, ಇನ್ನೊಬ್ಬ ತಜ್ಞರು ಬಂದು ನೋಡಲಿ ಎನ್ನುವುದು, ಹೀಗೆ ಗಂಟೆಗಳು ಸೋರಿಹೋಗುತ್ತವೆ. ಘಟ್ಟದ ರಸ್ತೆ ದೂರ ಎಂದು ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಹೆಚ್ಚು ಹೊತ್ತು ಹೋಗುವುದು ಆಂಬುಲೆನ್ಸ್ ಹತ್ತುವ ಮುಂಚೆ, ಆಸ್ಪತ್ರೆಯ ಕಾರಿಡಾರಿನಲ್ಲಿ.

ಮೊದಲ ಹತ್ತು ನಿಮಿಷದಲ್ಲಿ ಏನು ಮಾಡಬೇಕು?

ಇದು ಸಿಬ್ಬಂದಿಗೆ. ಗಾಳಿ ಒಳಹೋಗುತ್ತಿರುವ ಜಾಗವನ್ನು ಮೊದಲು ಮುಚ್ಚಿ. ಲೈನ್ ಇದ್ದರೆ ಕ್ಲ್ಯಾಂಪ್ ಹಾಕಿ, ಲೈನ್ ತೆಗೆದಾಗಿದ್ದರೆ ರಂಧ್ರವನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಹೊಟ್ಟೆಯೋ ತಲೆಯೋ ತೆರೆದಿದ್ದರೆ ಗಾಯವನ್ನು ಸಲೈನ್‌ನಿಂದ ತುಂಬಿಸಿ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಕೊಡುತ್ತಿದ್ದರೆ ಆ ಕ್ಷಣವೇ ನಿಲ್ಲಿಸಿ. ಅದು ನೈಟ್ರೋಜನ್‌ಗಿಂತ ಸುಮಾರು 34 ಪಟ್ಟು ಹೆಚ್ಚು ಕರಗುವ ಅನಿಲ, ರಕ್ತದಿಂದ ಗುಳ್ಳೆಯೊಳಕ್ಕೆ ಹೊಕ್ಕು ಅದನ್ನು ಉಬ್ಬಿಸುತ್ತದೆ.

ಜೊತೆಜೊತೆಗೇ 100 ಪ್ರತಿಶತ ಆಕ್ಸಿಜನ್. ಎಚ್ಚರವಿದ್ದು ಉಸಿರಾಡುತ್ತಿದ್ದರೆ ಚೀಲವಿರುವ ನಾನ್‌ರೀಬ್ರೀದರ್ ಮಾಸ್ಕ್‌ನಲ್ಲಿ ನಿಮಿಷಕ್ಕೆ 15 ಲೀಟರ್. ಪ್ರಜ್ಞೆ ಇಲ್ಲದಿದ್ದರೆ ಟ್ಯೂಬ್ ಹಾಕಿ ವೆಂಟಿಲೇಟರ್‌ನಲ್ಲಿ ಪೂರ್ತಿ ಆಕ್ಸಿಜನ್. ‘ಸ್ಯಾಚುರೇಷನ್ 98 ಇದೆಯಲ್ಲ’ ಎಂದು ಮಾಸ್ಕ್ ತೆಗೆಯುವುದು ಸಾಮಾನ್ಯವಾಗಿ ಕಾಣುವ ತಪ್ಪು. ಇಲ್ಲಿ ಆಕ್ಸಿಜನ್ ಕೊಡುವುದು ಸ್ಯಾಚುರೇಷನ್ ಏರಿಸಲು ಅಲ್ಲ, ರಕ್ತದಲ್ಲಿರುವ ನೈಟ್ರೋಜನ್ ತೊಳೆದು ಗುಳ್ಳೆಯನ್ನು ಕರಗಿಸಲು.

ರೋಗಿಯನ್ನು ಸಮತಟ್ಟಾಗಿ ಅಂಗಾತ ಮಲಗಿಸಿ. ಹಿಂದೆ ತಲೆ ಕೆಳಗೆ ಮಾಡಿ ಕಾಲು ಎತ್ತುವ ರೂಢಿ ಇತ್ತು. ಅಪಧಮನಿಗೆ ಸೇರಿದ ಗುಳ್ಳೆಯನ್ನು ಅದು ತಡೆಯುವುದಿಲ್ಲ, ಮಿದುಳಿನ ಊತ ಮಾತ್ರ ಹೆಚ್ಚುತ್ತದೆ. ಹೃದಯದ ಬಲಭಾಗದಲ್ಲಿ ಗಾಳಿ ತುಂಬಿ ಬಿಪಿ ಬಿದ್ದಿದ್ದರೆ ಎಡಮಗ್ಗುಲಿಗೆ ಹೊರಳಿಸುವುದುಂಟು. ಸೆಂಟ್ರಲ್ ಲೈನ್ ಇನ್ನೂ ಇದ್ದರೆ ಅದರಿಂದಲೇ ಗಾಳಿ ಎಳೆದು ನೋಡಬಹುದು.

ಬಿಪಿ ಬೀಳಲು ಬಿಡಬೇಡಿ. ದ್ರವ ಕೊಡುವುದಾದರೆ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಡೆಕ್ಸ್ಟ್ರೋಸ್ ಬೇಡ. ಸಕ್ಕರೆ ಏರಿದರೆ ಗಾಯಗೊಂಡ ಮಿದುಳಿಗೆ ಇನ್ನಷ್ಟು ಪೆಟ್ಟು. ಫಿಟ್ಸ್ ಬಂದರೆ ತಕ್ಷಣ ಔಷಧಿ ಕೊಟ್ಟು ನಿಲ್ಲಿಸಿ. ಶುರುವಾದ ಸಮಯವನ್ನು ಗಂಟೆ, ನಿಮಿಷ ಸಮೇತ ಕೇಸ್ ಶೀಟಿನಲ್ಲಿ ಬರೆಯಿರಿ. ಮುಂದಿನ ಆಸ್ಪತ್ರೆಯವರು ಮೊದಲು ಕೇಳುವುದು ಅದನ್ನೇ.

ಮಾಸ್ಕಿನಲ್ಲೇ ಆಕ್ಸಿಜನ್ ಕೊಡುತ್ತಿದ್ದಾರೆ. ಮತ್ತೆ ಚೇಂಬರ್ ಯಾಕೆ?

ಮಾಸ್ಕ್ ಅರ್ಧ ಕೆಲಸ ಮಾಡುತ್ತದೆ. ಇನ್ನರ್ಧ ಒತ್ತಡದ್ದು. ಒತ್ತಡ ಏರಿದಷ್ಟೂ ಗುಳ್ಳೆಯ ಗಾತ್ರ ಕುಗ್ಗುತ್ತದೆ. ಸಮುದ್ರಮಟ್ಟದ 1 ವಾತಾವರಣ ಒತ್ತಡದಿಂದ 2.8ಕ್ಕೆ ಏರಿಸಿದರೆ ಗುಳ್ಳೆ ಮೂಲ ಗಾತ್ರದ ಸುಮಾರು 36 ಪ್ರತಿಶತಕ್ಕೆ ಇಳಿಯುತ್ತದೆ. ಇಷ್ಟಾದರೂ ಅದರ ಅಡ್ಡಗಲ ಇಳಿಯುವುದು ಶೇ. 70ರ ಆಸುಪಾಸಿಗೆ ಮಾತ್ರ. ಆದ್ದರಿಂದ ಒತ್ತಡವೊಂದರಿಂದಲೇ ಗುಳ್ಳೆ ಮಾಯವಾಗುತ್ತದೆ ಎಂದು ತಿಳಿಯಬಾರದು. ಕುಗ್ಗಿಸುವುದು ಒತ್ತಡ, ಕರಗಿಸುವುದು ಆಕ್ಸಿಜನ್. ಗಾಳಿಯ ನೂರರಲ್ಲಿ 78 ಭಾಗ ನೈಟ್ರೋಜನ್. ರೋಗಿ ಶುದ್ಧ ಆಕ್ಸಿಜನ್ ಉಸಿರಾಡಿದಾಗ ರಕ್ತದಲ್ಲಿ ನೈಟ್ರೋಜನ್ ಇಲ್ಲವಾಗಿ, ಗುಳ್ಳೆಯೊಳಗಿನ ನೈಟ್ರೋಜನ್ ಹೊರಬರುತ್ತದೆ.

ಮೂರನೆಯ ಲಾಭವೂ ಇದೆ. ಸಾಮಾನ್ಯ ಗಾಳಿಯಲ್ಲಿ 100 ಮಿ.ಲೀ. ರಕ್ತದ ದ್ರವಭಾಗದಲ್ಲಿ ಕರಗಿರುವ ಆಕ್ಸಿಜನ್ 0.3 ಮಿ.ಲೀ. ಮಾತ್ರ. 3 ವಾತಾವರಣ ಒತ್ತಡದಲ್ಲಿ ಅದು ಸುಮಾರು 6 ಮಿ.ಲೀ. ಆಗುತ್ತದೆ. ವಿಶ್ರಾಂತಿಯಲ್ಲಿರುವ ಅಂಗಾಂಶಕ್ಕೆ ಹಿಮೋಗ್ಲೋಬಿನ್ ಸಹಾಯವಿಲ್ಲದೆಯೂ ಸಾಲುವಷ್ಟು ಅದು. ಆಮ್‌ಸ್ಟರ್‌ಡ್ಯಾಮಿನ ಸರ್ಜನ್ ಬೋರೆಮಾ ಕೆಂಪು ರಕ್ತಕಣಗಳನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದ ಹಂದಿಗಳನ್ನು ಚೇಂಬರಿನಲ್ಲಿ ಬದುಕಿಸಿ ತೋರಿಸಿ, ಆ ಫಲಿತಾಂಶವನ್ನು 1960ರಲ್ಲಿ ಪ್ರಕಟಿಸಿದರು. ಗುಳ್ಳೆಯ ಆಚೆಗೆ ಸಿಕ್ಕಿಬಿದ್ದ ಮಿದುಳಿನ ಭಾಗಕ್ಕೆ ಅಕ್ಕಪಕ್ಕದ ದ್ರವದಿಂದ ಆಕ್ಸಿಜನ್ ಸೇರುವುದು ಇದೇ ಲೆಕ್ಕದ ಮೇಲೆ. ಬಿಳಿ ರಕ್ತಕಣಗಳು ನಾಳದ ಗೋಡೆಗೆ ಅಂಟುವುದನ್ನೂ ಈ ಚಿಕಿತ್ಸೆ ತಗ್ಗಿಸುತ್ತದೆ.

ಎಷ್ಟು ಹೊತ್ತಿನೊಳಗೆ ಸೇರಿಸಬೇಕು?

ಎಷ್ಟು ಬೇಗವೋ ಅಷ್ಟು ಒಳ್ಳೆಯದು. 6 ಗಂಟೆಯೊಳಗಾದರೆ ಫಲ ಉತ್ತಮ. ಆಸ್ಪತ್ರೆಯಲ್ಲಿ ಉಂಟಾದ ಏರ್ ಎಂಬಾಲಿಸಂನ 86 ರೋಗಿಗಳನ್ನು ಒಳಗೊಂಡು 2002ರಲ್ಲಿ ಪ್ರಕಟವಾದ ಫ್ರೆಂಚ್ ಅಧ್ಯಯನದಲ್ಲಿ, ಅಭಿಧಮನಿಯ ಮೂಲಕ ಗಾಳಿ ಹೊಕ್ಕವರ ಪೈಕಿ 6 ಗಂಟೆಯೊಳಗೆ ಚೇಂಬರ್ ಸೇರಿದವರು ಹೆಚ್ಚು ಚೇತರಿಸಿಕೊಂಡರು. ಹಾಗೆಂದು 6 ಗಂಟೆ ದಾಟಿದರೆ ಬಾಗಿಲು ಮುಚ್ಚಿತು ಎಂದಲ್ಲ. 24 ಗಂಟೆ, ಅದಕ್ಕೂ ತಡವಾಗಿ ಶುರುಮಾಡಿ ಸುಧಾರಿಸಿದವರ ವರದಿಗಳಿವೆ. ತಡವಾಯಿತು ಎಂಬ ಕಾರಣಕ್ಕೆ ಫೋನನ್ನೇ ಮಾಡದಿರುವುದು ತಪ್ಪು.

ಫೋನಿನಲ್ಲಿ ಏನು ಕೇಳಬೇಕು?

‘ನಿಮ್ಮಲ್ಲಿ ಹೈಪರ್‌ಬೇರಿಕ್ ಇದೆಯಾ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರ ಬರುತ್ತದೆ, ಆದರೆ ಅಷ್ಟರಿಂದ ನಿಮಗೇನೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಹಗಲು ಹೊತ್ತು ಮಾತ್ರ ನಡೆಸುವ ಚೇಂಬರುಗಳೂ ಉಂಟು. ಹೀಗೆ ಕೇಳಿ: ರಾತ್ರಿ, ಭಾನುವಾರ ತುರ್ತು ರೋಗಿಯನ್ನು ತೆಗೆದುಕೊಳ್ಳುತ್ತೀರಾ? ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಚೇಂಬರಿನೊಳಗೆ ನೋಡಿಕೊಳ್ಳಬಲ್ಲಿರಾ? ಐಸಿಯು ಬೆಡ್ ಖಾಲಿ ಇದೆಯಾ? ಎಷ್ಟು ಒತ್ತಡದ ತನಕ ಹೋಗುತ್ತದೆ?

ಕೊನೆಯ ಪ್ರಶ್ನೆಯಲ್ಲಿ ಒಂದು ಮೋಸವಿದೆ. ‘1.8’ ಎಂದು ಉತ್ತರ ಬಂದರೆ ಅದು ಗೇಜ್ ಒತ್ತಡವೋ ಒಟ್ಟು ಒತ್ತಡವೋ ಎಂದು ಮತ್ತೆ ಕೇಳಿ. ಹೊರಗಿನ ವಾತಾವರಣದ ಒತ್ತಡ ಸೇರಿಸಿದರೆ ಗೇಜಿನ 1.8 ಎಂದರೆ ಒಟ್ಟು 2.8, ನಮಗೆ ಬೇಕಾದದ್ದೇ. ಒಟ್ಟೇ 1.8 ಆಗಿದ್ದರೆ ಈ ರೋಗಕ್ಕೆ ಸಾಲದು.

ಬೆಂಗಳೂರಿನ ಕೆಲವು ಆಸ್ಪತ್ರೆಗಳಲ್ಲಿ ಚೇಂಬರ್ ಸೌಲಭ್ಯವಿದೆ. ಮುಂಬಯಿಯ ನೌಕಾಪಡೆ ಆಸ್ಪತ್ರೆ ಐಎನ್‌ಎಚ್‌ಎಸ್ ಅಶ್ವಿನಿಯಲ್ಲಿಯೂ ಇದೆ. ಮುರುಡೇಶ್ವರದ ಆಚೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ನಡೆಸುವವರೂ ಅಪಘಾತವಾದರೆ ಇದೇ ಚಿಕಿತ್ಸೆಯನ್ನು ಹುಡುಕಬೇಕು, ಅಲ್ಲಿಯೂ ತೊಂದರೆ ಗುಳ್ಳೆಗಳದ್ದೇ. ಒಂದು ನರ್ಸಿಂಗ್ ಹೋಂ ತನ್ನ ಥಿಯೇಟರಿನ ಗೋಡೆಯ ಮೇಲೆ ಮೂರು ಚೇಂಬರುಗಳ ತುರ್ತು ನಂಬರ್ ಬರೆದಿಟ್ಟುಕೊಂಡು, ಆರು ತಿಂಗಳಿಗೊಮ್ಮೆ ಫೋನ್ ಮಾಡಿ ಸರಿಯಿದೆಯೇ ನೋಡಿಕೊಂಡರೆ ಅವತ್ತಿನ ರಾತ್ರಿ ಒಂದು ಗಂಟೆಯಾದರೂ ಉಳಿಯುತ್ತದೆ.

ಘಟ್ಟ ಇಳಿಯಬೇಕೇ, ಬೆಂಗಳೂರಿಗೆ ಹೋಗಬೇಕೇ? ಎತ್ತರ ಏರಿದರೆ ಗುಳ್ಳೆ ದೊಡ್ಡದಾಗುವುದಿಲ್ಲವೇ?

ಆಗುತ್ತದೆ, ಆದರೆ ಎಷ್ಟು ಎಂದು ಲೆಕ್ಕ ಹಾಕೋಣ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್. ಅಲ್ಲಿಗೆ ಹೋದರೆ ಗುಳ್ಳೆ ಶೇ. 4ರಷ್ಟು ಉಬ್ಬುತ್ತದೆ. ಆಗುಂಬೆ ದಾರಿ ಹಿಡಿದರೆ ನೆತ್ತಿಯಲ್ಲಿ ಶೇ. 1ರಷ್ಟು ಉಬ್ಬಿ, ಸೋಮೇಶ್ವರಕ್ಕಿಳಿದು ಕರಾವಳಿ ಮುಟ್ಟುವ ಹೊತ್ತಿಗೆ ಶೇ. 6ರಷ್ಟು ಕುಗ್ಗುತ್ತದೆ. ಎರಡೂ ದೊಡ್ಡ ವ್ಯತ್ಯಾಸವಲ್ಲ. ರಸ್ತೆಯಲ್ಲಿ ಹೋಗುವುದಾದರೆ ದಿಕ್ಕನ್ನು ನಿರ್ಧರಿಸಬೇಕಾದದ್ದು ಎತ್ತರವಲ್ಲ, ಯಾವ ಚೇಂಬರ್ ಈಗ ಸಿದ್ಧವಿದೆ ಎಂಬುದು.

ವಿಮಾನದ ಮಾತೇ ಬೇರೆ. ಸಾಮಾನ್ಯ ವಿಮಾನದ ಕ್ಯಾಬಿನ್ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ಆಗ ಗುಳ್ಳೆ ಶೇ. 25ರಷ್ಟು ಉಬ್ಬುತ್ತದೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಏರ್ ಆಂಬುಲೆನ್ಸ್ ಆಸೆ ಸಹಜ. ಕರೆಸುವುದಾದರೆ ಕ್ಯಾಬಿನ್ ಒತ್ತಡವನ್ನು ಸಮುದ್ರಮಟ್ಟಕ್ಕೆ ಇಡಬಲ್ಲ ವಿಮಾನವನ್ನೇ ಕೇಳಬೇಕು. ಹೆಲಿಕಾಪ್ಟರ್ ಆದರೆ ನೆಲದಿಂದ 300 ಮೀಟರಿಗಿಂತ ಮೇಲೆ ಹೋಗಬಾರದು, ಅದು ಪಶ್ಚಿಮಘಟ್ಟದ ಮೇಲೆ, ಮಳೆಗಾಲದ ಮೋಡದಲ್ಲಿ ಹೆಚ್ಚುಕಡಿಮೆ ಆಗದ ಮಾತು.

ಘಟ್ಟದ ರಸ್ತೆಯ ನಿಜವಾದ ಸಮಸ್ಯೆ ತಿರುವು ಮತ್ತು ವಾಂತಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಅರೆಪ್ರಜ್ಞೆಯ ರೋಗಿ ವಾಂತಿ ಮಾಡಿಕೊಂಡರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಎಚ್ಚರ ಪೂರ್ತಿ ಇಲ್ಲದವರಿಗೆ ಹೊರಡುವ ಮುಂಚೆಯೇ ಟ್ಯೂಬ್ ಹಾಕಿರಬೇಕು. ಆ ಇಕ್ಕಟ್ಟಿನಲ್ಲಿ ನಿಲ್ಲಿಸಿ ಹಾಕುತ್ತೇವೆ ಎಂದುಕೊಳ್ಳಬಾರದು. ಮಳೆಗಾಲದಲ್ಲಿ ಆಗುಂಬೆಯಲ್ಲೋ ಹುಲಿಕಲ್‌ನಲ್ಲೋ ಮಣ್ಣು ಕುಸಿದು ರಸ್ತೆ ಬಂದ್ ಆಗಿರುವುದುಂಟು. ತೀರ್ಥಹಳ್ಳಿ ದಾಟಿದ ಮೇಲೆ ಗೊತ್ತಾದರೆ ಹಿಂತಿರುಗಲು ಎರಡು ಗಂಟೆ ದಂಡ. ಮೊದಲೇ ಪೊಲೀಸರಿಗೆ ಫೋನ್ ಮಾಡಿ ಕೇಳಿ.

ಆಂಬುಲೆನ್ಸಿನಲ್ಲಿ ಎಷ್ಟು ಆಕ್ಸಿಜನ್ ಇರಬೇಕು?

ನಿಮಿಷಕ್ಕೆ 15 ಲೀಟರಿನಂತೆ ಲೆಕ್ಕ ಹಾಕಿ. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಇರುತ್ತದೆ, ಅಂದರೆ 100 ನಿಮಿಷ. ದೊಡ್ಡ ಜಂಬೋ ಡಿ ಟೈಪ್‌ನಲ್ಲಿ ಸುಮಾರು 7,000 ಲೀಟರ್. ಕರಾವಳಿಯ ಕಡೆಗೆ ನಾಲ್ಕು ಗಂಟೆ ಎಂದಿಟ್ಟುಕೊಂಡರೆ 3,600 ಲೀಟರ್, ಬೆಂಗಳೂರಿಗೆ ಆರು ಗಂಟೆ ಎಂದರೆ 5,400. ಇದರ ಮೇಲೆ ಅರ್ಧದಷ್ಟು ಹೆಚ್ಚುವರಿ ಇರಲಿ, ಟೋಲ್‌ನಲ್ಲಿ, ಜಾಮ್‌ನಲ್ಲಿ ಸಿಕ್ಕಿಬೀಳುವುದು ಇದ್ದದ್ದೇ. ಕರಾವಳಿಗೆ ಬಿ ಟೈಪ್ ಆದರೆ ನಾಲ್ಕು ಬೇಕು. ಬೆಂಗಳೂರಿಗೆ ಒಂದು ಜಂಬೋ, ಜೊತೆಗೆ ಒಂದು ಬಿ ಟೈಪ್.

ಸಿಲಿಂಡರ್ ತುಂಬಿದೆ ಎಂಬ ಚಾಲಕನ ಮಾತಿನ ಮೇಲೆ ಹೊರಡಬೇಡಿ. ವಾಲ್ವ್ ತೆರೆದು ಗೇಜಿನ ಮುಳ್ಳು ನೋಡಿ. ತುಂಬಿದ್ದರೆ 150 ಬಾರ್ ಆಸುಪಾಸು ತೋರಿಸಬೇಕು, 75 ಇದ್ದರೆ ಅರ್ಧ ಖಾಲಿ. ಸ್ಪ್ಯಾನರ್ ಕೀ ಗಾಡಿಯಲ್ಲಿದೆಯೇ ನೋಡಿ. ಅದು ಇಲ್ಲದೆ ಎರಡನೇ ಸಿಲಿಂಡರ್ ಇದ್ದೂ ಇಲ್ಲದಂತೆ.

ಚೇಂಬರಿಗೆ ಹೋಗುವ ಮುಂಚೆ ಯಾವ ತಯಾರಿ?

ಎದೆಯ ಎಕ್ಸ್‌ರೇ ಮೊದಲು. ಶ್ವಾಸಕೋಶದ ಸುತ್ತ ಗಾಳಿ ತುಂಬಿದ್ದರೆ, ಅಂದರೆ ನ್ಯೂಮೋಥೊರ್ಯಾಕ್ಸ್ ಇದ್ದರೆ, ಎದೆಗೆ ಡ್ರೈನ್ ಹಾಕದೆ ಚೇಂಬರಿಗೆ ಒಯ್ಯುವಂತಿಲ್ಲ. ಒತ್ತಡ ಇಳಿಸುವಾಗ ಆ ಗಾಳಿ ಹಿಗ್ಗಿ ಹೃದಯವನ್ನೇ ಒತ್ತಿಬಿಡುತ್ತದೆ. ಅಡಿಕೆ ಮರದಿಂದ ಬಿದ್ದು ಪಕ್ಕೆಲುಬು ಮುರಿದು ಆಪರೇಷನ್ ಆದವರು, ಕುತ್ತಿಗೆಗೆ ಲೈನ್ ಹಾಕುವಾಗ ಸೂಜಿ ಶ್ವಾಸಕೋಶಕ್ಕೆ ತಗುಲಿರಬಹುದಾದವರು, ಇವರಲ್ಲಿ ಇದನ್ನು ಮರೆಯುವಂತೆಯೇ ಇಲ್ಲ.

ಶ್ವಾಸದ ಟ್ಯೂಬಿನ ತುದಿಯ ಬಲೂನಿನಲ್ಲಿರುವ ಗಾಳಿ ತೆಗೆದು ಸಲೈನ್ ತುಂಬಬೇಕು. ಗಾಳಿಯೇ ಇದ್ದರೆ ಒತ್ತಡದಲ್ಲಿ ಬಲೂನು ಕುಗ್ಗಿ ಟ್ಯೂಬಿನ ಸುತ್ತ ಸೋರುತ್ತದೆ. ಸೋರಿತೆಂದು ಒಳಗೆ ಮತ್ತೆ ಗಾಳಿ ತುಂಬಿದರೆ, ಹೊರಬರುವಾಗ ಅದು ಉಬ್ಬಿ ಶ್ವಾಸನಾಳಕ್ಕೇ ಗಾಯ. ಹೊಟ್ಟೆಯ ಟ್ಯೂಬ್ ತೆರೆದಿರಲಿ, ಎದೆಯ ಡ್ರೈನಿಗೆ ಕ್ಲ್ಯಾಂಪ್ ಹಾಕಬೇಡಿ. ಗಟ್ಟಿ ಬಾಟಲಿಯ ಡ್ರಿಪ್ ಬೇಡ, ಮೆತ್ತನೆಯ ಚೀಲದ್ದು ಇರಲಿ, ಚೀಲದೊಳಗಿನ ಗಾಳಿಯನ್ನು ಮೊದಲೇ ತೆಗೆದಿರಿ. ಕಿವಿಯ ಒತ್ತಡ ಸರಿಮಾಡಿಕೊಳ್ಳಲಾಗದ, ಪ್ರಜ್ಞೆ ಇಲ್ಲದ ರೋಗಿಗೆ ಕಿವಿತಮಟೆಯಲ್ಲಿ ಸಣ್ಣ ತೂತು ಮಾಡುವುದುಂಟು. ಅದು ತಾನಾಗಿ ಮುಚ್ಚಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಯವರ ಸಕ್ಕರೆ ಮಟ್ಟ ಚೇಂಬರಿನಲ್ಲಿ ಇಳಿಯುವುದರಿಂದ ಒಳಹೋಗುವ ಮುನ್ನ ನೋಡಲೇಬೇಕು. ಜ್ವರವಿದ್ದರೆ ಇಳಿಸಬೇಕು, ಜ್ವರದಲ್ಲಿ ಫಿಟ್ಸ್ ಸಾಧ್ಯತೆ ಹೆಚ್ಚು.

ಮೈಮೇಲೆ ಏನಿರಬಾರದು?

ಒತ್ತಡದ ಆಕ್ಸಿಜನ್‌ನಲ್ಲಿ ಕಿಡಿ ಬಿದ್ದರೆ ಬಟ್ಟೆ ಕ್ಷಣಾರ್ಧದಲ್ಲಿ ಉರಿಯುತ್ತದೆ. ಅದಕ್ಕೇ ಆಸ್ಪತ್ರೆಯವರು ಕೊಡುವ ಹತ್ತಿ ಬಟ್ಟೆ ಮಾತ್ರ. ಮಲೆನಾಡಿನವರಿಗೆ ಮೂರು ವಿಷಯ ಒತ್ತಿ ಹೇಳಬೇಕು. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ತೊಳೆದಿರಬೇಕು. ಚಳಿಗೆ ಹಾಕಿದ ಉಣ್ಣೆಯ ಸ್ವೆಟರ್, ಮಂಕಿ ಕ್ಯಾಪ್, ಸಿಂಥೆಟಿಕ್ ಸೀರೆ ತೆಗೆಯಬೇಕು. ನೆಗಡಿಗೆ ಎದೆಗೆ ತಿಕ್ಕಿದ ಬಾಮ್ ಒರೆಸಿರಬೇಕು. ಇನ್ನು ಬೆಂಕಿಪೊಟ್ಟಣ, ಮೊಬೈಲ್, ವಾಚು, ಶ್ರವಣ ಸಾಧನ, ಕಟ್ಟಿದ ಹಲ್ಲು ಯಾವುದೂ ಒಳಗೆ ಬರಬಾರದು. ಬಾಯಲ್ಲಿ ಎಲೆಅಡಿಕೆ ಇದ್ದರೆ ಉಗಿಸಿ, ಮಾಸ್ಕ್ ಹಾಕಿದ ಮೇಲೆ ಗಂಟಲಿಗೆ ಸಿಕ್ಕಿದರೆ ಕಷ್ಟ. ಹೆಂಗಸರ ತಾಳಿ, ಬಳೆಗಳ ವಿಷಯ ಬಂದಾಗ ಬಾಗಿಲಲ್ಲಿ ಚರ್ಚೆಗೆ ನಿಲ್ಲುವುದಕ್ಕಿಂತ ಮನೆಯಲ್ಲೇ ತೆಗೆದಿಟ್ಟು ಬರುವುದು ಒಳ್ಳೆಯದು.

ಒಳಗೆ ಎಷ್ಟು ಹೊತ್ತು, ಏನೇನು ನಡೆಯುತ್ತದೆ?

ಹೆಚ್ಚಿನ ಕಡೆ ಅನುಸರಿಸುವುದು ಅಮೆರಿಕದ ನೌಕಾಪಡೆಯ ‘ಟೇಬಲ್ 6’ ಎಂಬ ಕ್ರಮವನ್ನು. 18 ಮೀಟರ್ ನೀರಿನ ಆಳದ ಒತ್ತಡಕ್ಕೆ, ಅಂದರೆ ಒಟ್ಟು 2.8 ವಾತಾವರಣಕ್ಕೆ ಏರಿಸುತ್ತಾರೆ. ಅಲ್ಲಿ 20 ನಿಮಿಷ ಆಕ್ಸಿಜನ್, 5 ನಿಮಿಷ ಸಾಮಾನ್ಯ ಗಾಳಿ, ಹೀಗೆ ಮೂರು ಸುತ್ತು. ಆಮೇಲೆ 30 ನಿಮಿಷ ತೆಗೆದುಕೊಂಡು ಒತ್ತಡವನ್ನು 9 ಮೀಟರ್ ಆಳದ ಮಟ್ಟಕ್ಕೆ ಇಳಿಸಿ, ಅಲ್ಲಿ 15 ನಿಮಿಷ ಗಾಳಿ, 60 ನಿಮಿಷ ಆಕ್ಸಿಜನ್, ಮತ್ತೊಮ್ಮೆ ಅದೇ. ಕೊನೆಗೆ 30 ನಿಮಿಷದಲ್ಲಿ ಹೊರಗೆ. ಒಟ್ಟು 4 ಗಂಟೆ 45 ನಿಮಿಷ. ರೋಗಿಯ ಸ್ಥಿತಿ ನೋಡಿ ಸುತ್ತುಗಳನ್ನು ಹೆಚ್ಚಿಸುವುದೂ ಉಂಟು. ನಡುನಡುವೆ ಗಾಳಿ ಕೊಡುವುದು ಆಕ್ಸಿಜನ್ ವಿಷವಾಗದಿರಲಿ ಎಂದು.

ಒಬ್ಬರೇ ಮಲಗುವ ಗಾಜಿನ ಕೊಳವೆಯಂಥ ಚೇಂಬರಾದರೆ 3 ವಾತಾವರಣದಲ್ಲಿ 30 ನಿಮಿಷ, ನಂತರ 2.5ರಲ್ಲಿ 60 ನಿಮಿಷ ಕೊಡುವ ಕ್ರಮವಿದೆ. ಅದರಲ್ಲಿ ಸಿಬ್ಬಂದಿ ರೋಗಿಯ ಮೈ ಮುಟ್ಟಲಾಗುವುದಿಲ್ಲ, ಕಫ ತೆಗೆಯಲಾಗುವುದಿಲ್ಲ. ಹೃದಯ ನಿಂತರೆ ಒತ್ತಡ ಇಳಿಸಿ ಹೊರತೆಗೆದ ಮೇಲೆಯೇ ಮುಂದಿನ ಕೆಲಸ. ಸ್ಥಿತಿ ಗಂಭೀರವಿರುವವರಿಗೆ ನರ್ಸ್ ಜೊತೆಗೆ ಕೂರುವ ದೊಡ್ಡ ಚೇಂಬರ್ ಮೇಲು. ಮನೆಯವರನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಎಚ್ಚರವಿರುವ ರೋಗಿಗೆ ಒತ್ತಡ ಏರುವಾಗ ಒಳಗೆ ಸೆಕೆ ಅನಿಸುತ್ತದೆ, ಇಳಿಯುವಾಗ ಚಳಿ. ಘಟ್ಟ ಇಳಿಯುವಾಗಿನಂತೆ ಕಿವಿ ಮುಚ್ಚುತ್ತದೆ. ಉಗುಳು ನುಂಗಬೇಕು, ಇಲ್ಲವೇ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ನೋವಾದರೆ ತಕ್ಷಣ ಹೇಳಬೇಕು, ತಡೆದುಕೊಂಡರೆ ಕಿವಿತಮಟೆ ಹರಿಯಬಹುದು.

ಒಳಗಿದ್ದಾಗ ಫಿಟ್ಸ್ ಬಂದರೆ?

ಆಕ್ಸಿಜನ್ ಹೆಚ್ಚಾಗಿ ಬರುವ ಫಿಟ್ಸ್ ಅಪರೂಪ. ಬಂದರೆ ಮಾಸ್ಕ್ ತೆಗೆದು ಗಾಳಿ ಕೊಡುತ್ತಾರೆ, ತಾನಾಗಿ ನಿಲ್ಲುತ್ತದೆ. ಮೈ ಸೆಟೆದಿರುವಾಗ ಮಾತ್ರ ಒತ್ತಡ ಇಳಿಸಬಾರದು. ಆಗ ಉಸಿರು ಕಟ್ಟಿರುತ್ತದೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ‘ಬೇಗ ಬಾಗಿಲು ತೆಗೀರಿ’ ಎಂದು ಹೊರಗಿನಿಂದ ಕೂಗಾಡಬೇಡಿ.

ಯಾರಿಗೆ ಕೊಡುವ ಮುನ್ನ ಯೋಚಿಸಬೇಕು?

ಡ್ರೈನ್ ಹಾಕದ ನ್ಯೂಮೋಥೊರ್ಯಾಕ್ಸ್ ಒಂದೇ ಖಡಾಖಂಡಿತ ಅಡ್ಡಿ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ, ಬೀಡಿಯಿಂದ ಶ್ವಾಸಕೋಶದಲ್ಲಿ ದೊಡ್ಡ ಗಾಳಿಚೀಲಗಳಾಗಿರುವವರು, ಇತ್ತೀಚೆಗೆ ರೆಟಿನಾ ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿಕೊಂಡವರು, ಪೇಸ್‌ಮೇಕರ್ ಇರುವವರು, ಬ್ಲಿಯೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಪಡೆದವರು, ಇವರ ವಿಷಯವನ್ನು ಚೇಂಬರಿನ ವೈದ್ಯರಿಗೆ ಫೋನಿನಲ್ಲೇ ಹೇಳಿ. ಬಸುರಿ ಎಂಬ ಕಾರಣಕ್ಕೆ ನಿರಾಕರಿಸಬಾರದು, ತಾಯಿಯ ಮಿದುಳು ಉಳಿಸುವುದೇ ಮಗುವಿಗೂ ದಾರಿ.

ಎಷ್ಟು ಸಲ ಕೊಡಬೇಕು?

ಒಂದೆರಡು ಸಲವೇ ಸಾಕಾಗುವುದುಂಟು. ಸುಧಾರಣೆ ಕಾಣುತ್ತಿರುವ ತನಕ ಮುಂದುವರಿಸಿ, ಸತತ ಎರಡು ಸಲ ಹೊಸ ಬದಲಾವಣೆ ಕಾಣದಿದ್ದರೆ ನಿಲ್ಲಿಸುವುದು ರೂಢಿ. 40 ಸಲದ ಪ್ಯಾಕೇಜ್ ಹೇಳಿದರೆ ಅದು ಮಾಯದ ಹುಣ್ಣಿನ ಚಿಕಿತ್ಸೆಯ ಲೆಕ್ಕ, ಇದರದ್ದಲ್ಲ.

ಬ್ಯೂಟಿ, ಫಿಟ್ನೆಸ್ ಸೆಂಟರುಗಳಲ್ಲಿ ಇರುವ ಮೆತ್ತನೆಯ ಚೀಲದಂಥ ಚೇಂಬರ್ ನಡೆಯುತ್ತಾ?

ನಡೆಯುವುದಿಲ್ಲ. ಅದು 1.3 ವಾತಾವರಣದ ಆಸುಪಾಸಿಗೆ ನಿಲ್ಲುತ್ತದೆ. ಹತ್ತಿರದಲ್ಲಿದೆ ಎಂದು ರೋಗಿಯನ್ನು ಅಲ್ಲಿಗೊಯ್ದರೆ ಕಳೆದದ್ದು ಹೊತ್ತು ಮಾತ್ರ.

ಪೂರ್ತಿ ಗುಣವಾಗುತ್ತಾ?

ಪೂರ್ತಿ ಚೇತರಿಸಿಕೊಂಡು ಮತ್ತೆ ತೋಟಕ್ಕೆ, ಕೆಲಸಕ್ಕೆ ಹೋಗುವವರಿದ್ದಾರೆ. ಕೈಕಾಲಿನ ದೌರ್ಬಲ್ಯ ಉಳಿಯುವವರಿದ್ದಾರೆ. ಚೇಂಬರ್ ಚಿಕಿತ್ಸೆ ಪಡೆದೂ ಉಳಿಯದವರಿದ್ದಾರೆ. 2010ರಲ್ಲಿ ಪ್ರಕಟವಾದ ಫ್ರೆಂಚ್ ಐಸಿಯು ಅಧ್ಯಯನವೊಂದರಲ್ಲಿ, ಈ ಚಿಕಿತ್ಸೆ ಪಡೆದವರಲ್ಲೂ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ತೀರಿಕೊಂಡಿದ್ದರು. ಹೃದಯ ನಿಂತು ಮತ್ತೆ ಶುರುವಾದವರಲ್ಲಿ ಫಲ ಕಡಿಮೆ. ಗ್ಯಾರಂಟಿ ಕೊಡುವವರನ್ನು ನಂಬಬೇಡಿ, ‘ಏನೂ ಪ್ರಯೋಜನವಿಲ್ಲ’ ಎನ್ನುವವರನ್ನೂ ನಂಬಬೇಡಿ.

ಸೆಂಟ್ರಲ್ ಲೈನ್ ತೆಗೆಯುವ ಸರಿಯಾದ ಕ್ರಮ ಯಾವುದು?

ರೋಗಿ ಮಲಗಿರಬೇಕು, ಸಾಧ್ಯವಾದರೆ ತಲೆಯ ಕಡೆ ಸ್ವಲ್ಪ ತಗ್ಗಿಸಿ. (ಗುಳ್ಳೆ ಒಳಹೋಗದಂತೆ ತಡೆಯಲು ತಲೆ ತಗ್ಗಿಸುವುದು ಸರಿ, ಹೋದ ಮೇಲೆ ಅಲ್ಲ.) ಕೂತಿದ್ದಾಗ ಕುತ್ತಿಗೆಯ ಅಭಿಧಮನಿಯ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಿ, ರಂಧ್ರ ಗಾಳಿಯನ್ನು ಎಳೆದುಕೊಳ್ಳುತ್ತದೆ. ಉಸಿರು ಹೊರಬಿಡುವಾಗ ಅಥವಾ ಉಸಿರು ಬಿಗಿಹಿಡಿದು ತಿಣುಕಿದಾಗ ಲೈನ್ ಎಳೆಯಬೇಕು, ಒಳಗೆಳೆದುಕೊಳ್ಳುವಾಗ ಅಲ್ಲ. ಕನಿಷ್ಠ 5 ನಿಮಿಷ ಒತ್ತಿ ಹಿಡಿದು, ಗಾಳಿಯಾಡದ ಡ್ರೆಸಿಂಗ್ ಹಾಕಬೇಕು. ಬರೀ ಗಾಜ್ ತುಂಡಿಗೆ ಟೇಪ್ ಅಂಟಿಸಿದರೆ ಸಾಲದು, ಗಾಜ್‌ನೊಳಗೆ ಗಾಳಿಯಾಡುತ್ತದೆ. ಬಹಳ ದಿನ ಇದ್ದ ದಪ್ಪ ಡಯಾಲಿಸಿಸ್ ಲೈನ್ ಆದರೆ ಒಳಗೆ ಸುರಂಗವೇ ಆಗಿರುತ್ತದೆ, ಡ್ರೆಸಿಂಗ್ ಒಂದು ದಿನವಾದರೂ ಇರಲಿ. ನಂತರ 30 ನಿಮಿಷ ಮಲಗಿಯೇ ಇರಬೇಕು. ಡಿಸ್ಚಾರ್ಜ್ ಅವಸರದಲ್ಲಿ, ಬಸ್ಸಿಗೆ ಹೊತ್ತಾಯಿತೆಂದು ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ ಲೈನ್ ಎಳೆಯುವುದನ್ನು ಕಂಡರೆ ಮನೆಯವರು ‘ಮಲಗಿಸಿ ತೆಗೀರಿ’ ಎಂದು ಹೇಳಬಹುದು. ಅದು ಅಧಿಕಪ್ರಸಂಗವಲ್ಲ.

ಖರ್ಚು?

ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ರೆಫರಲ್ ಪತ್ರ ಬರೆಸುವಾಗಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕರೆಸಿ, ಹೋಗುವ ಆಸ್ಪತ್ರೆ ಯೋಜನೆಯಲ್ಲಿದೆಯೇ, ಚೇಂಬರ್ ಮತ್ತು ಐಸಿಯು ಎರಡಕ್ಕೂ ಅನುಮತಿ ಸಿಗುತ್ತದೆಯೇ ಕೇಳಿ. ಖಾಸಗಿ ವಿಮೆಯಾದರೆ ‘ಏರ್ ಎಂಬಾಲಿಸಂ, ತುರ್ತು’ ಎಂಬ ಪದಗಳು ಪತ್ರದಲ್ಲಿ ಸ್ಪಷ್ಟವಾಗಿರಲಿ. ಬರೀ ‘ಹೈಪರ್‌ಬೇರಿಕ್ ಥೆರಪಿ’ ಎಂದಿದ್ದರೆ ಸೌಂದರ್ಯ ಚಿಕಿತ್ಸೆಯ ಸಾಲಿಗೆ ಸೇರಿಸಿ ತಳ್ಳಿಹಾಕುವುದುಂಟು.

ಮನೆಗೆ ಬಂದ ಮೇಲೆ ಏನು ಎಚ್ಚರ?

ಚಿಕಿತ್ಸೆ ಮುಗಿದು ಕನಿಷ್ಠ 72 ಗಂಟೆ ವಿಮಾನ ಹತ್ತಬಾರದು. ಕೆಮ್ಮಣ್ಣುಗುಂಡಿ, ಮುಳ್ಳಯ್ಯನಗಿರಿ, ಕೊಡಚಾದ್ರಿಯಂಥ ಎತ್ತರದ ಜಾಗಗಳನ್ನೂ ಅಷ್ಟು ದಿನ ಬಿಡಿ. ಕರಾವಳಿಯಿಂದ ಘಟ್ಟ ಹತ್ತಿ ಊರಿಗೆ ಬರುವ ದಿನವನ್ನು ಚೇಂಬರಿನ ವೈದ್ಯರನ್ನು ಕೇಳಿಯೇ ಗೊತ್ತುಮಾಡಿ. ಕೈಕಾಲಿಗೆ ಫಿಸಿಯೋಥೆರಪಿ ಮೊದಲ ವಾರದಿಂದಲೇ ಶುರುವಾಗಲಿ. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಬೇಡಿ, ಅಷ್ಟು ದಿನ ಬೈಕ್ ಓಡಿಸುವುದು, ಅಡಿಕೆ ಮರ ಹತ್ತುವುದು, ಒಬ್ಬರೇ ಹೊಳೆಗಿಳಿಯುವುದು ಬೇಡ. ಹೃದಯದ ಬಾಗಿಲು ಮುಚ್ಚಿದೆಯೇ ಎಂದು ಬಬಲ್ ಎಕೋ ಪರೀಕ್ಷೆ ಮಾಡಿಸಿ. ತೆರೆದಿದೆ ಎಂದಾದರೆ ಮುಂದೆ ಯಾವ ಆಪರೇಷನ್‌ಗೆ ಹೋದರೂ ಆ ವರದಿಯನ್ನು ಅರಿವಳಿಕೆ ವೈದ್ಯರ ಕೈಗೆ ಕೊಡಿ.